ಅಗಸಿ ಹಿಂಡಿಯ ಜಾಗದಲ್ಲಿ ನೀರಿನ ನೋಟಿಸು

ನಿವೃತ್ತಿಯ ನಂತರ ನಾನು ಮೂರು ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಿದ್ದೇನೆ: ಚೆಂಬೂರಿನ ನಮ್ಮ ಸೊಸೈಟಿಯದು, ಕನ್ನಡ ಸಂಘದ್ದು, ಹೆಂಡತಿಯ ಅಡುಗೆಯದು. ಮೂರರ ವಿಳಾಸ ಬೇರೆ, ಮುಖ ಬೇರೆ. ಒಳಗೆ ಇರುವುದು ಮಾತ್ರ ಒಂದೇ ಬ್ಲಾಗ್ ತಂತ್ರಾಂಶ. ನಮ್ಮ ಬಿಲ್ಡಿಂಗಿನಲ್ಲಿ ಬಾಗಿಲು ಹಲವಿದ್ದರೂ ಮೇಲಿನ ನೀರಿನ ಟಾಕಿ ಒಂದೇ ಇದೆಯಲ್ಲ, ಹಾಗೆ. ಒಮ್ಮೆ ಅಪ್‌ಡೇಟ್ ಮಾಡಿದರೆ ಮೂರಕ್ಕೂ ಆಯಿತು. ಸೋಮವಾರ ಸ್ನಾನ, ಚಹಾ, ಬ್ಯಾಕಪ್. ಏನಾದರೂ ಕೆಟ್ಟರೆ ತಲೆ ಓಡಿಸದೆ ಆ ಬ್ಯಾಕಪ್ಪನ್ನು ಮರಳಿ ಹಾಕುವುದು. ಇದು ನಾನೇ ಮಾಡಿಕೊಂಡ ನಿಯಮ.

ಈಚೆಗೆ ಸೊಸೈಟಿಯವರು ಹೊಸ ವಿಳಾಸ ಕೊಂಡರು. ಒಂದು ಶುಕ್ರವಾರ ಬೆಳಿಗ್ಗೆ ಅದನ್ನು ಸೇರಿಸಿ ತರಕಾರಿಗೆ ಹೋಗಿಬಂದೆ. ಚೀಲ ಕೆಳಗಿಡುವ ಮೊದಲೇ ಸೆಕ್ರೆಟರಿಯ ಫೋನು.

"ಅಂಕಲ್, ಸೊಸೈಟಿ ಕಾ ಸೈಟ್ ಖೋಲಾ ತೋ ಚಟ್ನಿ ಆ ರಹೀ ಹೈ! ಟಾಕಿ ಸಾಫ್ ಕರನೇ ಕಾ ನೋಟಿಸ್ ಕಿಧರ್ ಗಯಾ?"

ಟಾಕಿ ತೊಳೆಯುವ ಆ ನೋಟಿಸು ಹೆಂಡತಿಯ ವಿಳಾಸದಲ್ಲಿತ್ತು; ಅವಳ ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ, ಸೊಸೈಟಿಯ ವಿಳಾಸದಲ್ಲಿ. ವಡಾಲದ ಅವಳ ಗೆಳತಿ ಆಗಲೇ ಫೋನು ಮಾಡಿದ್ದರಂತೆ: "ಅಕ್ಕಾ, ಅಗಸಿ ಹಿಂಡಿ ನೋಡೂಣು ಅಂತ ತೆಗದ್ರ ನಾಳೆ ನೀರು ಬರಂಗಿಲ್ಲ ಅಂತದ. ನಮ್ಮ ನೀರಿಗೇನಾತು?"

ನಾನು ನಿಯಮದಂತೆ ಸೋಮವಾರದ ಬ್ಯಾಕಪ್ ಮರಳಿ ಹಾಕಲು ಕುಳಿತೆ. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದಳು.

"ಸೋಮವಾರದ್ದು ಹಾಕಿದ್ರ, ಅವ್ವ ಹೇಳಿದ್ದು ಉಳೀತದೇನ್ರಿ?"

ನನ್ನ ಅತ್ತೆ ಧಾರವಾಡದಲ್ಲಿ ಮಗನ ಮನೆಯಲ್ಲಿದ್ದಾರೆ. ಈಗ ಮರೆವು. ಒಮ್ಮೊಮ್ಮೆ ಮಗಳ ದನಿ ಕೇಳಿಯೂ "ಯಾರವಾ ನೀ?" ಎನ್ನುತ್ತಾರೆ. ಆ ವಾರ, ಬ್ಯಾಕಪ್ ಆದ ಮೇಲೆ, ಒಂದು ದಿನ ಮಾತ್ರ ನೆನಪು ತಿಳಿಯಾಗಿ, ಮಸಾಲೆ ಪುಡಿ ಮಾಡುವ ಬಗೆಯನ್ನು ಪೂರಾ ಹೇಳಿದ್ದರು. ಇವಳು ಫೋನನ್ನು ಭುಜಕ್ಕೆ ಒತ್ತಿಕೊಂಡು ನೇರವಾಗಿ ಸೈಟಿನಲ್ಲೇ ಬರೆದಿದ್ದಳು.

"ಸೊಸೈಟಿದಷ್ಟ ಹಿಂದಕ್ಕ ಹಾಕ್ರಿ."

"ಹಂಗ ಬರಂಗಿಲ್ಲ. ಹಾಕಿದ್ರ ಮೂರೂ ಹಿಂದಕ್ಕ ಹೋಗ್ತಾವ."

"ಹಂಗಾರ ಮುಟ್ಟಬ್ಯಾಡ್ರಿ. ಚಟ್ನಿ ಓದ್ಕೋತ ಕೂಡಪಾ ಅಂತ ಆ ಸೆಕ್ರೆಟರಿಗೆ ನಾನ ಹೇಳ್ತೀನಿ."

ಕೈ ಹಿಂದೆ ತೆಗೆದೆ. ಕೈ ಸುಮ್ಮನಾದ ಮೇಲೆ ತಲೆ ಓಡಿತು. ಚಟ್ನಿ ಅಲ್ಲಿ ಕಾಣುತ್ತಿದೆ, ನೋಟಿಸು ಇಲ್ಲಿ ಕಾಣುತ್ತಿದೆ. ಅಂದರೆ ಏನೂ ಕಳೆದಿಲ್ಲ. ವಿಳಾಸಗಳ ಪುಟ ತೆರೆದೆ. ಸೊಸೈಟಿಯ ಹೊಸ ವಿಳಾಸವನ್ನು ಅವಳ ಸೈಟಿನ ಸಾಲಿನಲ್ಲಿ, ಅವಳ ವಿಳಾಸ ಅಳಿಸಿ, ಬರೆದಿದ್ದೆ. ವಿಳಾಸ ಕಳೆದುಕೊಂಡ ಅವಳ ಓದುಗರನ್ನು ತಂತ್ರಾಂಶವು ಪಟ್ಟಿಯ ಮೊದಲ ಸೈಟಿಗೆ, ಅಂದರೆ ಸೊಸೈಟಿಗೆ ಕಳಿಸುತ್ತಿತ್ತು. ಎರಡು ಸಾಲು ತಿದ್ದಿದೆ, ಅಷ್ಟೇ. ಬ್ಯಾಕಪ್ ಹಾಕಿದ್ದರೂ ಸೈಟುಗಳು ಸರಿಹೋಗುತ್ತಿದ್ದವು. ಆ ಪುಡಿ ಮಾತ್ರ ಹೋಗುತ್ತಿತ್ತು.

ಅವಳು ನಿಂತೇ ತನ್ನ ಪುಟವನ್ನು ಕೊನೆಯವರೆಗೆ ಓದಿದಳು. ಅವ್ವ ನಡುವೆ ಗದರಿಸಿದ್ದನ್ನೂ ಬಿಡದೆ ಬರೆದಿದ್ದಳು: "ಅಳತಿ ಏನ ಕೇಳ್ತಿ, ಘಮ ಬಂದ್ರ ಇಳಿಸು."

ಈಗ ಬ್ಯಾಕಪ್ ಸೋಮವಾರಕ್ಕಾಗಿ ಕಾಯುವುದಿಲ್ಲ. ಧಾರವಾಡದ ಫೋನು ಇಟ್ಟ ಮೇಲೆ ಅವಳು ಅಡುಗೆಮನೆಯಿಂದ ಕೂಗುತ್ತಾಳೆ:

"ಏನ್ರೀ, ಇವತ್ತ ಅವ್ವಗ ನೆನಪಿತ್ತು."

ನಾನು ಕಂಪ್ಯೂಟರ್ ತೆರೆಯುತ್ತೇನೆ.