ಭಾವನೆಗಳ ಮೂಲೆಯ ಉದ್ಘಾಟನೆ

ಕಳೆದ ಗುರುವಾರ ನಾನೊಂದು ಥರ್ಮಾಕೋಲ್ ಬೋರ್ಡಿನ ರಿಬ್ಬನ್ ಕತ್ತರಿಸಿ ಬಂದೆ. ನಗಬೇಡಿ. ಕುಂದಗೋಳದ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಆ ಬೋರ್ಡಿಗೆ ‘ಭಾವನೆಗಳ ಮೂಲೆ’ ಎಂದು ಹೆಸರು.

ಹೆಡ್ಮಾಸ್ತರರು ನನ್ನ ಹಳೆಯ ಸ್ನೇಹಿತರು. ಈಚೆಗಷ್ಟೇ ‘ಎಮೋಷನಲ್ ಇಂಟೆಲಿಜೆನ್ಸ್’ ಟ್ರೇನಿಂಗ್ ಮುಗಿಸಿ ಬಂದಿದ್ದಾರೆ. (ಊಟ ಚಲೋ ಇತ್ತಂತೆ.) ಬೋರ್ಡಿನ ಮೇಲೆ ನಗುಮುಖ, ಅಳುಮುಖ, ಸಿಟ್ಟಿನ ಮುಖ. ಬೆಳಿಗ್ಗೆ ಬಂದ ಮಗು ತನಗೆ ಅನಿಸಿದ ಮುಖದ ಕೆಳಗೆ ಹೆಸರಿನ ಚೀಟಿ ಅಂಟಿಸಬೇಕು. ಅದರ ಫೋಟೋ ಇಲಾಖೆಯ ಮೇಲಿನವರ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ಭಾವನೆಗೂ ಅಟೆಂಡೆನ್ಸ್ ಬಂತಲ್ಲ ಎಂದು ನಾನೂ ಚಪ್ಪಾಳೆ ತಟ್ಟಿದೆ.

ಮಕ್ಕಳೆಲ್ಲ ನಗುಮುಖಕ್ಕೆ ಮುಗಿಬಿದ್ದರು. ಮೂರನೇ ಕ್ಲಾಸಿನ ಗೌರಿ ಮಾತ್ರ ತನ್ನ ಚೀಟಿಯನ್ನು ಅಳುಮುಖದ ಕೆಳಗೆ ಹಚ್ಚಿದಳು. ಮೊಬೈಲ್ ಎತ್ತಿದ್ದ ಹೆಡ್ಮಾಸ್ತರರ ಕೈ ಅಲ್ಲೇ ನಿಂತಿತು.

“ಯಾಕವಾ, ಏನಾತು?”

“ನಮ್ಮ ಆಯಿ ಸತ್ತಾಳ್ರಿ.”

ದಿನಾ ಇವಳನ್ನು ಶಾಲೆಗೆ ಬಿಟ್ಟುಹೋಗುತ್ತಿದ್ದ ಅಜ್ಜಿ. ತೀರಿಕೊಂಡದ್ದು ಸೋಮವಾರ. ಮನೆ ತುಂಬ ಜನ ಎಂದು ಹುಡುಗಿಯನ್ನು ಶಾಲೆಗೆ ಕಳಿಸಿದ್ದರು. ಆ ಮನೆಯಾದರೂ ಎಲ್ಲಿ? ಶಾಲೆಯ ಹಿಂದಿನ ಓಣಿಯಲ್ಲೇ. ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ, ಬಾಜೂಕ ಕೂತು, ಒತ್ತಾಯ ಮಾಡಿ ಉಣ್ಣಿಸಿ ಬರುತ್ತಾರೆ. ಇದಕ್ಕೆ ಯಾರೂ ಅವರಿಗೆ ಟ್ರೇನಿಂಗ್ ಕೊಟ್ಟಿಲ್ಲ.

“ನೀವು ಅವರ ಮನಿಗೆ ಹೋಗಿ ಮಾತಾಡ್ಸಿ ಬಂದ್ರೇನ್ರಿ ಸರ?” ಮೆಲ್ಲಗೆ ಕೇಳಿದೆ.

“ಹೋಗಬೇಕಂತಿದ್ದೆರಿ. ಈ ಬೋರ್ಡಿನ ಕೆಲಸದಾಗ ಪುರುಸೊತ್ತೇ ಆಗ್ಲಿಲ್ಲ ನೋಡ್ರಿ.”

ಅಳುಮುಖಕ್ಕೆ ಕಣ್ಣೀರು ಬಿಡಿಸುತ್ತ ಕೂತಿದ್ದರಂತೆ. ನನಗೆ ಸಿಟ್ಟು ಬಂತು. (ನನ್ನ ಹೆಸರಿನ ಚೀಟಿ ಇದ್ದಿದ್ದರೆ ನಾನೂ ಅಂಟಿಸುತ್ತಿದ್ದೆ.)

ಮನುಷ್ಯ ಕೆಟ್ಟವರೇನಲ್ಲ. ಆದರೆ ಫೋಟೋದಲ್ಲಿ ಅಳುಮುಖದ ಕೆಳಗೆ ಚೀಟಿ ಕಂಡರೆ ಮೇಲಿನವರು ಕಾರಣ ಕೇಳುತ್ತಾರೆ. ಉತ್ತರ ಬರೆಯುವವರು ಯಾರು? ಗೌರಿಯ ತಲೆ ಸವರಿ, ಪ್ರೀತಿಯಿಂದಲೇ ಹೇಳಿದರು.

“ಇವತ್ತೊಂದಿನ ನಗೂ ಮಾರಿಗೆ ಹಚ್ಚವಾ. ಸಾಹೇಬ್ರು ನೋಡ್ತಾರ.”

ಗೌರಿ ಚೀಟಿ ಕಿತ್ತು ನಗುಮುಖದ ಕೆಳಗೆ ಒತ್ತಿದಳು. ಫೋಟೋ ಹೋಯಿತು. ನಿಮಿಷದೊಳಗೆ ಗ್ರೂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆ. ಹೆಡ್ಮಾಸ್ತರರು ಹಿಗ್ಗಿ ನನಗೂ ತೋರಿಸಿದರು.

ಗೌರಿ ಇನ್ನೂ ಅಲ್ಲೇ ನಿಂತಿದ್ದಳು.

“ಸರ, ಮನಿಗೆ ಹೋದಮ್ಯಾಲೆ ಅಳಬಹುದೇನ್ರಿ?”