ಸುಮಾ ಆರಾಮಾಗಿದ್ದಾಳೆ

ನನ್ನ ತಂಗಿ ವಾರಕ್ಕೆ ಎಷ್ಟು ಸಲ ಅಳುತ್ತಾಳೆ ಎಂದು ಇಲ್ಲಿಯ ಸರ್ಕಾರ ಫೋನು ಮಾಡಿ ಕೇಳಿತು. ಧಾರವಾಡದಲ್ಲಿ ಪಕ್ಕದ ಮನೆಯವರು ಹಾಗೆ ಕೇಳಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಗಂಡ ಬಿಟ್ಟುಹೋದ ಮೇಲೆ ಸುಮಾ ಅಮೆರಿಕಾದ ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಊಟ ಬಿಟ್ಟಳು, ಮಾತು ಬಿಟ್ಟಳು. ಖಾಸಗಿ ಡಾಕ್ಟರು ನಮ್ಮ ಕೈಲಿ ಆಗುವ ಮಾತಾಗಿರಲಿಲ್ಲ. ಕೊನೆಗೆ ಕೌಂಟಿಯ ಮಾನಸಿಕ ಚಿಕಿತ್ಸೆಯ ಕ್ಲಿನಿಕ್ಕಿಗೆ ಕರೆದೊಯ್ದೆವು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ, ಖರ್ಚು ಸರ್ಕಾರದ್ದು. ವಾರಕ್ಕೊಮ್ಮೆ ಡಾಕ್ಟರಮ್ಮನ ಕೋಣೆಯಲ್ಲಿ ಒಂದು ತಾಸು. ಆದರೆ ಡಾಕ್ಟರಮ್ಮನ ಮೇಲೆ ಕೇಸ್ ಮ್ಯಾನೇಜರ್ ಎಂಬೊಬ್ಬಳು ಇದ್ದಾಳೆ. ರೋಗಿ ಇನ್ನೆಷ್ಟು ಸಲ ಬರಬಹುದೆಂದು ತೀರ್ಮಾನಿಸುವವಳು ಅವಳು, ಅದೂ ರೋಗಿಯ ಮುಖ ನೋಡದೆ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತಾಸುಗಟ್ಟಲೆ ಕಾಯಿಸುತ್ತಾರೆ, ನಿಜ. ನೀನು ಗುಣವಾಗಿದ್ದೀ, ಇನ್ನು ಬರಬೇಡ ಎಂದು ಯಾರೂ ಮನೆಗೆ ಪತ್ರ ಹಾಕುವುದಿಲ್ಲ.

ಕೇಸ್ ಮ್ಯಾನೇಜರಿನ ಫೋನು ಬಂದಾಗ ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರು.

“ಖರೇ ಹೇಳಬ್ಯಾಡ. ಸುಮಾನ ಗ್ರೀನ್ ಕಾರ್ಡು ಇನ್ನೂ ಪಕ್ಕಾ ಆಗಿಲ್ಲ. ಈ ಫೈಲು ಎಲ್ಲೆಲ್ಲಿ ಹೋಗ್ತದೋ ಯಾರಿಗೆ ಗೊತ್ತು?” ಎಂದು ಪಿಸುಗುಟ್ಟಿದರು.

ನನಗೂ ಅದೇ ಸಂಶಯ. ಇಷ್ಟು ನಯವಾಗಿ ಕೇಳುವವರು ಸುಮ್ಮನೆ ಕೇಳುತ್ತಾರೆಯೇ? ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ ಹೇಳಿಬಿಟ್ಟೆ: ಆರಾಮಾಗಿದ್ದಾಳೆ, ಊಟ ನಿದ್ದೆ ಎಲ್ಲ ಸರಿಯಾಗಿದೆ, ಎಲ್ಲ ನಿಮ್ಮ ಉಪಕಾರ.

ಕೆಲವು ದಿನಗಳಲ್ಲಿ ಪತ್ರ ಬಂತು. ಸುಧಾರಣೆ ಕಂಡಿರುವುದರಿಂದ ಇನ್ನು ಭೇಟಿಯ ಅಗತ್ಯವಿಲ್ಲ ಎಂದಿತ್ತು. ಸುಮಾ ಅದನ್ನು ಎರಡು ಸಲ ಓದಿದಳು.

“ಅಕ್ಕಾ, ನಾ ಆರಾಮ ಇದ್ದೀನಿ ಅಂತ ನೀ ಹೇಳಿದೇನು?”

ಹೂಂ ಎಂದೆ.

“ಇಡೀ ಅಮೆರಿಕಾದಾಗ ನಂಗ ಅಳಲಿಕ್ಕೆ ಇದ್ದದ್ದು ಅದೊಂದ ಖೋಲಿ.”

ಮರುದಿನ ಎರಡು ಬಸ್ಸು ಬದಲಿಸಿ ಕೌಂಟಿ ಆಫೀಸಿಗೆ ಹೋದೆ. ನಾನು ಹೇಳಿದ್ದು ಸುಳ್ಳು ಎಂದೆ. ತುತ್ತು ಬಾಯಿಗಿಡುವುದಿಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ, ಅವಳೊಬ್ಬಳನ್ನೇ ಮನೆಯಲ್ಲಿ ಬಿಡಲು ನನಗೆ ಹೆದರಿಕೆ ಎಂದೆ. ಕೇಸ್ ಮ್ಯಾನೇಜರ್ ಮುಖದಲ್ಲಿ ಏನೂ ತೋರದೆ ಎಲ್ಲವನ್ನೂ ಬರೆದುಕೊಂಡಳು. ಇನ್ನೂ ಆರು ಭೇಟಿ ಮಂಜೂರಾದವು. ಆ ಹಾಳೆ ಮುಂದೆ ಯಾರ ಮೇಜಿಗೆ ಹೋಯಿತೋ ತಿಳಿಯದು. ಸರ್ಕಾರಿ ಲಕೋಟೆ ಬಂದರೆ ಈಗಲೂ ಒಡೆಯುವ ಮೊದಲು ಬಾಗಿಲು ಹಾಕಿಕೊಳ್ಳುತ್ತೇನೆ.

ಧಾರವಾಡದಲ್ಲಿರುವ ಅವ್ವನಿಗೆ ಮಾತ್ರ ಪ್ರತಿ ಪತ್ರದಲ್ಲೂ ಸುಮಾ ಆರಾಮಾಗಿದ್ದಾಳೆ ಎಂದೇ ಬರೆಯುತ್ತೇನೆ. ಗುರುತಿಲ್ಲದ ಊರಿನಲ್ಲಿ ನಿಜ ಹೇಳಿ ಬಂದವಳಿಗೆ ಸ್ವಂತ ಊರಿಗೆ ಹೇಳುವ ಧೈರ್ಯವಿಲ್ಲ. ಇದನ್ನು ಓದುತ್ತಿರುವ ನಿಮ್ಮನ್ನೂ ನಾನು ಪೂರ್ತಿ ನಂಬಿಲ್ಲ. ನನ್ನ ತಂಗಿಯ ಹೆಸರು ಸುಮಾ ಅಲ್ಲ.