ಮೇಜಿಗೆ ಕಾಲಾದ ಮೇಷ್ಟ್ರು

ಹುಣಸೂರಿನಲ್ಲಿ ಮರಗೆಲಸ ಮಾಡುವ ನಾನು, ಅಕ್ಕ ಪಾಠ ಮಾಡುವ ಸರ್ಕಾರಿ ಶಾಲೆಯ ಮುರಿದ ಮೇಜನ್ನು ಸರಿಮಾಡಿಕೊಡುತ್ತೇನೆಂದು ಹೇಳಿ ತಿಂಗಳುಗಟ್ಟಲೆ ಹೋಗಲೇ ಇಲ್ಲ. ಮೊನ್ನೆ ಅವಳು ಮರೆತ ಬುತ್ತಿ ಕೊಡಲು ಹೋದೆ. ಶಿಕ್ಷಕರ ಕೋಣೆಯಲ್ಲಿ ಅಕ್ಕ ಮತ್ತಿತರರ ನಡುವೆ ಹೆಡ್‌ಮಾಸ್ಟರು ಮೂರು ಕಾಲಿನ ಆ ಮೇಜಿಗೆ ಮೊಣಕಾಲು ಆನಿಸಿ ಕುಳಿತಿದ್ದರು. ಪಾಠವಿಲ್ಲದವರು ಸರದಿಯಂತೆ ಮೇಜಿಗೆ ಕಾಲಾಗಬೇಕಂತೆ. ಬೆಲ್ ಹೊಡೆಯಿತು.

"ಡ್ರಿಲ್ ಮೇಷ್ಟ್ರೇ, ಬನ್ರೀ ಬೇಗ, ನನ್ ಕಾಲು ಜೋಮು ಇಡ್ಕೊಂಡದೆ!" ಎಂದು ಕೂಗಿದರು.

ಎಲ್ಲರ ಜೊತೆ ನಾನೂ ನಕ್ಕೆ. ಆಗ ಅವರು ನನ್ನನ್ನು ನೋಡಿ, "ಮೇಡಮ್ ತಮ್ಮ ಅಲ್ವಾ? ಟೈಫಾಯ್ಡ್ ವಾಸಿಯಾಯ್ತೇನಪ್ಪಾ?" ಎಂದರು.

ನನಗೆ ಜ್ವರವೇ ಬಂದಿರಲಿಲ್ಲ. ನನ್ನ ಮಾನ ಉಳಿಸಲು ಸುಳ್ಳು ಹೇಳಿದ್ದ ಅಕ್ಕ ತಲೆ ತಗ್ಗಿಸಿದಳು.

"ಜ್ವರ ಅಲ್ಲ ಸಾ, ಬರೀ ಸೋಮಾರಿತನ" ಎಂದೆ. ಆಮೇಲೆ ಎಲ್ಲರೆದುರೇ ಅವಳ ಕಡೆ ತಿರುಗಿದೆ: "ತಪ್ಪಾಯ್ತು ಕಣಕ್ಕ."